ಕಾಯಕದಲ್ಲಿ ಕೆಟ್ಟ ಕೈ: ಕಾರ್ಮಿಕ ಪರಿಹಾರದ ಹಕ್ಕು ಬೆಳೆದುಬಂದ ಬಗೆ

2022ನೆಯ ಇಸವಿಯ ಮಳೆಗಾಲದ ಒಂದು ಸಂಜೆ, ಸೊಲ್ಲಾಪುರದ ನಮ್ಮ ಕನ್ನಡ ಶಾಲೆ ಬಿಟ್ಟ ಮೇಲೆ, ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದ ಒಬ್ಬ ಬಾಲಕಿಯ ತಾಯಿ ಸೆರಗಿನಲ್ಲಿ ಒಂದು ಕಾಗದವನ್ನು ಮಡಿಸಿಟ್ಟುಕೊಂಡು ನಮ್ಮಲ್ಲಿಗೆ ಬಂದರು. “ಮಾಸ್ತರ್ರ, ಇದರಾಗ ಏನ್ ಬರದಾರ, ನಮ್ಮ ಮಾತಿನಾಗ ಹೇಳ್ರಿ” ಎಂದರು. ಕಾಗದ ಮರಾಠಿಯಲ್ಲಿತ್ತು. ಆಕೆಯ ಯಜಮಾನರು ಆರು ಜನ ದುಡಿಯುವ ಒಂದು ವಿದ್ಯುತ್ ಮಗ್ಗದ ಕಾರಖಾನೆಯಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಪಗಾರಕ್ಕೆ ಇದ್ದವರು. ಮಗ್ಗದ ಹಲ್ಲುಗಾಲಿಗೆ ಬಲಗೈ ಸಿಕ್ಕಿ ಎರಡು ಬೆರಳು ಹೋಗಿದ್ದವು. ಹದಿನೈದು ಸಾವಿರ ರೂಪಾಯಿ ಮುಟ್ಟಿದೆ, ಇನ್ನು ಮುಂದೆ ಮಾಲಕರ ಮೇಲೆ ಯಾವ ತಕರಾರೂ ಇಲ್ಲ ಎಂದು ಅದರಲ್ಲಿ ಬರೆದು, ಕೆಳಗೆ ಅವರ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳಲಾಗಿತ್ತು.

ನಾವು ಕಾಗದವನ್ನು ಓದಿದೆವು. ಕನ್ನಡದಲ್ಲಿ ಅರ್ಥ ಹೇಳಿದೆವು. ಹೆಬ್ಬೆಟ್ಟು ಒತ್ತಿಯಾದ ಮೇಲೆ ಇನ್ನು ಮಾಡುವುದೇನೂ ಇಲ್ಲ ಎಂದೂ ಹೇಳಿದೆವು. ಆ ತಾಯಿ ಕಾಗದವನ್ನು ಮೊದಲಿದ್ದಂತೆಯೇ ಮಡಿಸಿಕೊಂಡು ಹೊರಟುಹೋದರು.

ನಾವು ಓದಿದ್ದು ಸರಿಯಾಗಿತ್ತು, ಹೇಳಿದ್ದು ತಪ್ಪಾಗಿತ್ತು. ಆ ತಪ್ಪು ನಮಗೆ ತಿಳಿದದ್ದು ಬಹಳ ತಡವಾಗಿ, ಕಾರ್ಮಿಕರ ಇತಿಹಾಸವನ್ನು ಕುರಿತ ಕೆಲವು ಪುಸ್ತಕಗಳನ್ನು ಓದುತ್ತಿದ್ದಾಗ. ದುಡಿಮೆಯ ಸ್ಥಳದಲ್ಲಿ ಗಾಯಗೊಂಡವನಿಗೆ ಪರಿಹಾರವು ಮಾಲಕನ ದಯೆಯಲ್ಲ, ಹಕ್ಕು ಎಂಬ ಮಾತು ನ್ಯಾಯಶಾಸ್ತ್ರದಲ್ಲಿ ನೆಲೆಗೊಳ್ಳಲು ಒಂದು ಶತಮಾನವೇ ಬೇಕಾಯಿತು. ಆ ಕಥೆಯನ್ನು ನಮ್ಮ ಸಹೋದ್ಯೋಗಿಗಳಾದ ಶಿಕ್ಷಕ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ. ಗಿರಣಿಯ ಸಿಳ್ಳಿನಿಂದಲೇ ಹೊತ್ತು ಎಣಿಸಿದ ಊರು ನಮ್ಮದು. ಇಲ್ಲಿ ಈ ವಿಷಯ ಯಾರಿಗೂ ಹೊರಗಿನದಲ್ಲ.

ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಒಬ್ಬ ಕಸಾಯಿಯ ಬಳಿ ಪ್ರೀಸ್ಟ್ಲಿ ಎಂಬ ಯುವಕನು ಆಳಾಗಿದ್ದನು. ಮಿತಿಮೀರಿ ಸರಕು ಹೇರಿದ್ದ ಬಂಡಿ ಮುರಿದುಬಿದ್ದು ಅವನ ತೊಡೆಯೆಲುಬು ಮುರಿಯಿತು. ಅವನು ಧಣಿಯ ಮೇಲೆ ದಾವೆ ಹೂಡಿದನು. ಪಂಚರು ನೂರು ಪೌಂಡು ಕೊಡಿಸಿದರು. ಆದರೆ 1837ರಲ್ಲಿ ಮೇಲಿನ ನ್ಯಾಯಾಲಯದ ನ್ಯಾಯಾಧೀಶ ಲಾರ್ಡ್ ಅಬಿಂಜರನು ಆ ತೀರ್ಪನ್ನು ತಳ್ಳಿಹಾಕಿದನು. ಅವನ ವಾದವು ವಿಚಿತ್ರವಾದುದು. ಇಂಥ ಹೊಣೆಯನ್ನು ಧಣಿಯ ಮೇಲೆ ಹೊರಿಸಿದರೆ ಅದಕ್ಕೆ ಕೊನೆಯೇ ಇರುವುದಿಲ್ಲ; ಅಡಿಗೆಯವಳು ತಾಮ್ರದ ಪಾತ್ರೆಯನ್ನು ಸರಿಯಾಗಿ ತೊಳೆಯದಿದ್ದರೂ, ಸೇವಕಿಯು ಹಸಿ ಹಾಸಿಗೆ ಹಾಸಿದರೂ ಧಣಿಯೇ ಉತ್ತರ ಹೇಳಬೇಕಾದೀತು ಎಂಬುದು ಅವನ ಅಂಜಿಕೆ. ಕೆಲಸದ ಅಪಾಯವು ಆಳಿಗೆ ಧಣಿಗಿಂತ ಚೆನ್ನಾಗಿ ತಿಳಿದಿರುತ್ತದೆ, ಬೇಡವಾದರೆ ಅವನು ಆ ಕೆಲಸವನ್ನು ಒಲ್ಲೆನೆನ್ನಬಹುದು ಎಂದೂ ಹೇಳಲಾಯಿತು. ಒಲ್ಲೆನೆಂದವನ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಈ ತೀರ್ಪಿನಿಂದ ಕ್ರಮೇಣ ಮೂರು ಗೋಡೆಗಳು ಎದ್ದವು. ಜೊತೆಯ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಮಾಲಕನು ಹೊಣೆಯಲ್ಲ. ಗಾಯಗೊಂಡವನದೂ ಸ್ವಲ್ಪ ತಪ್ಪಿದ್ದರೆ ಅವನಿಗೆ ಏನೂ ಸಿಗದು. ಅಪಾಯವನ್ನು ಅರಿತೂ ಕೆಲಸಕ್ಕೆ ನಿಂತವನು ಅಪಾಯವನ್ನು ಒಪ್ಪಿಕೊಂಡಂತೆಯೇ. ಮೂರರ ಹಿಂದೆಯೂ ಒಂದೇ ಪ್ರಶ್ನೆಯಿತ್ತು: ತಪ್ಪು ಯಾರದು? ಅದನ್ನು ರುಜುವಾತು ಮಾಡುವ ಭಾರವು ಆಸ್ಪತ್ರೆಯ ಮಂಚದ ಮೇಲೆ ಮಲಗಿದವನದಾಗಿತ್ತು. ಹಬೆಯಂತ್ರಗಳು ಹೆಚ್ಚಿದಂತೆ ಈ ಪ್ರಶ್ನೆಯೇ ಅಸಂಬದ್ಧವಾಗತೊಡಗಿತು. ನೂರಾರು ಗಾಲಿಗಳೂ ಪಟ್ಟಾಗಳೂ ಹಗಲಿರುಳು ತಿರುಗುವ ಕಡೆ, ಯಾರೂ ತಪ್ಪು ಮಾಡದಿದ್ದರೂ ಒಂದು ದಿನ ಒಂದು ಕೈ ಹೋಗುವುದುಂಟು.

ಪ್ರಶ್ನೆಯನ್ನೇ ಬದಲಿಸಿದವರಲ್ಲಿ ಮೊದಲಿಗರು ಜರ್ಮನರು. ಬಿಸ್ಮಾರ್ಕನ ಕಾಲದಲ್ಲಿ, 1884ರಲ್ಲಿ, ಅಲ್ಲಿ ಅಪಘಾತ ವಿಮೆಯ ಕಾಯ್ದೆಯಾಯಿತು. ಮಾಲಕರು ಕೂಡಿ ನಿಧಿ ಕಟ್ಟಬೇಕು. ಗಾಯಗೊಂಡವನಿಗೆ ಆ ನಿಧಿಯಿಂದ ಸಲ್ಲಬೇಕು. ತಪ್ಪು ಯಾರದೆಂದು ಕೇಳಬೇಕಾಗಿಲ್ಲ. ಬಿಸ್ಮಾರ್ಕನು ಕಾರ್ಮಿಕರ ಮೇಲಿನ ಪ್ರೀತಿಯಿಂದ ಇದನ್ನು ಮಾಡಿದನೆಂದು ಹೇಳಲಾಗದು. ಸಮಾಜವಾದಿಗಳತ್ತ ವಾಲುತ್ತಿದ್ದ ಜನರನ್ನು ಸರಕಾರದ ಕಡೆಗೆ ಒಲಿಸಿಕೊಳ್ಳುವುದು ಅವನ ಹಂಚಿಕೆಯಾಗಿತ್ತು. ಹದಿಮೂರು ವರ್ಷಗಳ ತರುವಾಯ, 1897ರಲ್ಲಿ, ಜೋಸೆಫ್ ಚೇಂಬರ್ಲೇನನ ಪ್ರಯತ್ನದಿಂದ ಇಂಗ್ಲೆಂಡಿನಲ್ಲಿಯೂ ಕಾರ್ಮಿಕ ಪರಿಹಾರದ ಕಾಯ್ದೆಯಾಯಿತು. ಅಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಗಾಯವು ಕೆಲಸದಿಂದ, ಕೆಲಸ ನಡೆಯುತ್ತಿದ್ದಾಗ ಆದುದೇ? ಜೊತೆಗಾರನ ತಪ್ಪಿನ ಹಳೆಯ ನಿಯಮವಾದರೋ ಅಲ್ಲಿ ಪೂರ್ತಿ ಅಳಿದುಹೋಗಲು 1948ರವರೆಗೆ ಕಾಯಬೇಕಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು 1850ರ ದಶಕದಲ್ಲಿ ತಲೆಯೆತ್ತಿದವು. 1870ರ ದಶಕದಲ್ಲಿ ನಮ್ಮ ಸೊಲ್ಲಾಪುರದಲ್ಲಿಯೂ ಗಿರಣಿ ನಿಂತಿತು. ಊರವರು ಈಗಲೂ ‘ಹಳೆ ಗಿರಣಿ’ ಎಂದು ನೆನೆಯುವುದು ಅದನ್ನೇ. ಸುತ್ತಣ ಹಳ್ಳಿಗಳಿಂದ ಬರಗಾಲಕ್ಕೆ ಬೆದರಿ ಬಂದ ಕನ್ನಡಿಗರೂ ಮರಾಠಿಗರೂ ತೆಲುಗು ನೇಕಾರರೂ ಒಂದೇ ಸಾಲಿನಲ್ಲಿ ನಿಂತು ಇಂಥ ಗಿರಣಿಗಳಲ್ಲಿ ದುಡಿದರು. ಆ ಕಾಲದಲ್ಲಿ ಕೈ ಹೋದವನಿಗೆ ಇದ್ದ ಕಾನೂನು ಯಾವುದು? ಅಪಘಾತದಲ್ಲಿ ಸತ್ತವನ ವಾರಸುದಾರರು ದಾವೆ ಹೂಡಬಹುದೆಂದು 1855ರ ಒಂದು ಕಾಯ್ದೆ ಹೇಳುತ್ತಿತ್ತು. ಆದರೆ ಅಲ್ಲಿಯೂ ಮೊದಲು ಇನ್ನೊಬ್ಬರ ತಪ್ಪನ್ನು ರುಜುವಾತು ಮಾಡಬೇಕು. ವಕೀಲನಿಗೆ ಕೊಡಲು ಹಣವಿಲ್ಲದ ಗಿರಣಿಯ ವಿಧವೆಗೆ ಅದು ಕನ್ನಡಿಯೊಳಗಿನ ಗಂಟು. 1881ರಲ್ಲಿ ಮೊದಲ ಕಾರಖಾನೆ ಕಾಯ್ದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಅಪಾಯಕರ ಯಂತ್ರಗಳಿಗೆ ಬೇಲಿ ಇರಬೇಕು, ಅಪಘಾತವನ್ನು ವರದಿ ಮಾಡಬೇಕು ಎಂದೆಲ್ಲ ಅದರಲ್ಲಿತ್ತು. ಬೇಲಿ ದಾಟಿ ಗಾಲಿ ಕಚ್ಚಿದವನ ಗತಿಯೇನೆಂಬುದು ಮಾತ್ರ ಇರಲಿಲ್ಲ.

ಇಲ್ಲಿ ನಾವು ಒಬ್ಬ ಮಹನೀಯನನ್ನು ಸ್ಮರಿಸಬೇಕು. ನಾರಾಯಣ ಮೇಘಾಜಿ ಲೋಖಂಡೆಯವರು ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದವರು. ‘ದೀನಬಂಧು’ ಪತ್ರಿಕೆಯನ್ನು ನಡೆಸಿದವರು. 1884ರ ಸೆಪ್ಟೆಂಬರ್ ತಿಂಗಳಲ್ಲಿ ಅವರು ಮುಂಬಯಿಯ ಗಿರಣಿ ಕೆಲಸಗಾರರ ಸಭೆಗಳನ್ನು ಕೂಡಿಸಿದರು. ಆಗ ಸರಕಾರವು ನೇಮಿಸಿದ್ದ ಕಾರಖಾನೆ ಆಯೋಗಕ್ಕೆ ಒಪ್ಪಿಸಲು ಸುಮಾರು 5500 ಜನ ಸಹಿ ಮಾಡಿದ ಮನವಿಯೊಂದು ಸಿದ್ಧವಾಯಿತು. ವಾರಕ್ಕೊಂದು ದಿನ ಬಿಡುವು, ನಡುಹಗಲಿನಲ್ಲಿ ಅರ್ಧ ಗಂಟೆಯ ವಿಶ್ರಾಂತಿ, ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ತಿಂಗಳ ಹದಿನೈದನೆಯ ತಾರೀಖಿನೊಳಗೆ ಪಗಾರ ಎಂಬವು ನಾಲ್ಕು ಬೇಡಿಕೆಗಳು. ಐದನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಕೆಲಸದಲ್ಲಿ ತೀವ್ರ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಪಗಾರ ಸಲ್ಲಬೇಕು, ಜನ್ಮಪೂರ್ತಿ ಅಂಗಹೀನನಾದರೆ ಅವನ ಜೀವನಕ್ಕೆ ತಕ್ಕ ಏರ್ಪಾಡು ಆಗಬೇಕು.

ವಾಚಕರು ಇಸವಿಯನ್ನು ಗಮನಿಸಬೇಕು. ಜರ್ಮನಿಯಲ್ಲಿ ಕಾಯ್ದೆಯಾದ ವರ್ಷವೇ, ಇಂಗ್ಲೆಂಡಿನ ಕಾಯ್ದೆಗೆ ಹದಿಮೂರು ವರ್ಷ ಮೊದಲೇ, ಅಕ್ಷರ ಬಾರದ ನಮ್ಮ ಗಿರಣಿಯ ಜನ ಈ ಮಾತನ್ನು ಆಡಿದ್ದರು. ಕಾರ್ಮಿಕ ಪರಿಹಾರವು ಆಳುವವರು ತಾವಾಗಿ ತಂದುಕೊಟ್ಟ ಬಳುವಳಿಯೆಂದು ತಿಳಿಯುವವರು ಈ ಐದನೆಯ ಬೇಡಿಕೆಯನ್ನು ಮರೆಯಬಾರದು. ವಾರದ ರಜೆ 1890ರಲ್ಲಿ ದೊರೆಯಿತು. ಐದನೆಯ ಬೇಡಿಕೆ ಈಡೇರಲು ಮಾತ್ರ ಮೂವತ್ತೊಂಬತ್ತು ವರ್ಷಗಳೇ ಕಳೆದವು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಭಾರತವು ಅದರ ಮೂಲ ಸದಸ್ಯರಲ್ಲೊಂದು. ಮುಂದಿನ ವರ್ಷ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಸ್ಥಾಪಿತವಾಯಿತು. ಗಿರಣಿಗಳಲ್ಲಿ ಮುಷ್ಕರಗಳು ಹೆಚ್ಚಿದವು. ಈ ವಾತಾವರಣದಲ್ಲಿ 1923ರ ಮಾರ್ಚಿ 5ರಂದು ಕಾರ್ಮಿಕ ಪರಿಹಾರ ಕಾಯ್ದೆಯು ಅಂಗೀಕೃತವಾಗಿ, 1924ರ ಜುಲೈ 1ರಿಂದ ಜಾರಿಗೆ ಬಂದಿತು.

ಆ ಕಾಯ್ದೆಯ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಸತ್ತರೆ ಮೂವತ್ತು ತಿಂಗಳ ಪಗಾರ ಅಥವಾ 2500 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದು. ಜನ್ಮಪೂರ್ತಿ ದುಡಿಯಲಾರದಂತಾದರೆ ನಲವತ್ತೆರಡು ತಿಂಗಳ ಪಗಾರ ಅಥವಾ 3500 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದು. ತಿಂಗಳಿಗೆ 20 ರೂಪಾಯಿ ಗಳಿಸುವವನು ಸತ್ತರೆ ಮನೆಯವರಿಗೆ 600 ರೂಪಾಯಿ. ಅವನು ಬದುಕಿಯೂ ಪೂರ್ಣ ಅಂಗವಿಕಲನಾದರೆ 840. ಅಂಗಾಂಗಗಳಿಗೆ ಒಂದು ಕೋಷ್ಟಕವಿತ್ತು. ಮೊಣಕೈಯಿಂದ ಬಲತೋಳು ಹೋದರೆ ನೂರಕ್ಕೆ 70, ಎಡತೋಳಿಗೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಒಂದೊಂದು ಬೆರಳಿಗೆ 5. ಅಂದರೆ ಆ ಇಪ್ಪತ್ತು ರೂಪಾಯಿಯವನ ಹೆಬ್ಬೆರಳಿನ ಬೆಲೆ 210 ರೂಪಾಯಿ, ಕಿರುಬೆರಳಿನ ಬೆಲೆ 42. ಹದಿನೈದು ವರ್ಷ ತುಂಬದ ಬಾಲ ಕಾರ್ಮಿಕನು ಸತ್ತರೆ ಪಗಾರದ ಲೆಕ್ಕವೇ ಇಲ್ಲ. 200 ರೂಪಾಯಿ ಎಂದು ನಿಗದಿಯಾಗಿತ್ತು. ಗಾಯವಾದ ಮೊದಲ ಹತ್ತು ದಿನಗಳಿಗೆ ಏನೂ ಇಲ್ಲ. ಹೊಲದಲ್ಲಿ ದುಡಿಯುವ ಕೂಲಿಕಾರರು ಕಾಯ್ದೆಯ ಕಣ್ಣಿಗೆ ಬೀಳಲೇ ಇಲ್ಲ.

ಇಷ್ಟು ಕೃಪಣವಾದ ಕಾಯ್ದೆಯನ್ನು ಹಿರಿದೆನ್ನುವುದು ಏತಕ್ಕೆ? ಅದರ ಮೂಲತತ್ತ್ವಕ್ಕಾಗಿ. ಕೆಲಸದಿಂದ, ಕೆಲಸದ ಅವಧಿಯಲ್ಲಿ ಗಾಯವಾಯಿತೆಂದು ತೋರಿಸಿದರೆ ಸಾಕು; ಮಾಲಕನ ತಪ್ಪನ್ನು ತೋರಿಸಬೇಕಾಗಿಲ್ಲ. ಕೆಲಸಗಾರನ ಬರಿಯ ಅಜಾಗರೂಕತೆಯೂ ಹಕ್ಕನ್ನು ಕೆಡಿಸದು. ಕುಡಿದು ಯಂತ್ರದ ಬಳಿ ಬಂದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದಿದ್ದರೆ, ರಕ್ಷಣೆಯ ಬೇಲಿಯನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ ಮಾಲಕನು ತಪ್ಪಿಸಿಕೊಳ್ಳಬಹುದು. ಮರಣವಾದಾಗ ಅಥವಾ ಜನ್ಮಪೂರ್ತಿ ದುಡಿಯಲಾರದಂತಾದಾಗ ಆ ನೆಪವೂ ನಿಲ್ಲದೆಂದು ಮುಂದಿನ ತಿದ್ದುಪಡಿಗಳು ವಿಧಿಸಿದವು. ತಕರಾರನ್ನು ತೀರ್ಮಾನಿಸಲು ಪರಿಹಾರ ಆಯುಕ್ತರೆಂಬ ಪ್ರತ್ಯೇಕ ಅಧಿಕಾರಿ ಬಂದರು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಮಿಕನು ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಆ ಕರಾರು ಅಷ್ಟರ ಮಟ್ಟಿಗೆ ಶೂನ್ಯವೆಂದು ಹದಿನೇಳನೆಯ ಕಲಮು ಸಾರಿತು. ಇಬ್ಬರೂ ಒಪ್ಪಿ ಮೊತ್ತವನ್ನು ಗೊತ್ತುಮಾಡಿಕೊಂಡರೂ ಆ ಒಪ್ಪಂದವು ಆಯುಕ್ತರಲ್ಲಿ ನೋಂದಣಿಯಾಗಬೇಕು. ಆಗದಿದ್ದರೆ ಕಾಯ್ದೆಯ ಪೂರ್ಣ ಮೊತ್ತಕ್ಕೆ ಮಾಲಕನು ಹೊಣೆಯಾಗುತ್ತಾನೆ.

ಆ ತಾಯಿಯ ಕೈಯಲ್ಲಿದ್ದ ಕಾಗದವು ಎಂಥದೆಂಬುದು ಈಗ ವಾಚಕರಿಗೆ ವಿದಿತವಾಗಿರಬಹುದು. ತೊಂಬತ್ತೊಂಬತ್ತು ವರ್ಷಗಳ ಹಿಂದೆಯೇ ಕಾಯ್ದೆಯು ಶೂನ್ಯವೆಂದು ಹೇಳಿದ್ದ ಕರಾರಿನ ಮೇಲೆ 2022ರಲ್ಲಿ ಹೆಬ್ಬೆಟ್ಟು ಒತ್ತಿಸಲಾಗಿತ್ತು; ಅದನ್ನು ಓದಿದ ಶಿಕ್ಷಕರಿಗೂ ಈ ಸಂಗತಿ ತಿಳಿದಿರಲಿಲ್ಲ.

ಕಾಯ್ದೆಯು ಕಾಲಕಾಲಕ್ಕೆ ತಿದ್ದುಪಾಟು ಹೊಂದುತ್ತ ಬಂದಿತು. ಹತ್ತು ದಿನಗಳ ಕಾಯುವಿಕೆ 1933ರಲ್ಲಿ ಏಳಕ್ಕೆ, 1959ರಲ್ಲಿ ಮೂರಕ್ಕೆ ಇಳಿಯಿತು. ಸ್ವಾತಂತ್ರ್ಯಾನಂತರ 1948ರ ರಾಜ್ಯ ವಿಮೆ ಕಾಯ್ದೆ ಬಂದು, 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಆ ಯೋಜನೆ ಆರಂಭವಾಯಿತು. ಈ ವಿಮೆ ಇರುವ ಕಾರಖಾನೆಯವರು ಮಾಲಕನ ಬದಲು ವಿಮಾ ನಿಗಮದಿಂದಲೇ ಚಿಕಿತ್ಸೆಯನ್ನೂ ಧನವನ್ನೂ ಪಡೆಯುತ್ತಾರೆ. 1984ರ ತಿದ್ದುಪಡಿಯಿಂದ ಪಗಾರವನ್ನೂ ವಯಸ್ಸಿನ ಗುಣಕವನ್ನೂ ಕೂಡಿಸಿ ಲೆಕ್ಕ ಹಾಕುವ ಪದ್ಧತಿ ಬಂದಿತು. ವಯಸ್ಸು ಕಡಿಮೆಯಾದಷ್ಟೂ ಗುಣಕ ಹೆಚ್ಚು, ಏಕೆಂದರೆ ದುಡಿಯಬೇಕಾದ ವರ್ಷಗಳು ಹೆಚ್ಚು. 2009ರ ತಿದ್ದುಪಡಿಯಿಂದ ಚಿಕಿತ್ಸೆಯ ವೆಚ್ಚವನ್ನು ಮಾಲಕನು ಪ್ರತ್ಯೇಕವಾಗಿ ತುಂಬಿಕೊಡಬೇಕೆಂದಾಯಿತು.

ಕಾಯ್ದೆಯ ಅಕ್ಷರಕ್ಕೆ ನ್ಯಾಯಾಲಯಗಳು ಜೀವ ತುಂಬಿದ್ದೂ ಉಂಟು, ಗೆರೆ ಎಳೆದದ್ದೂ ಉಂಟು. ಒರಿಸ್ಸಾದ ಒಬ್ಬ ಬಡಗಿ 1968ರಲ್ಲಿ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಬಿದ್ದು, ಅವನ ಎಡತೋಳನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದು ತೋಳು ಉಳಿದಿದೆಯಲ್ಲ, ಇದು ಭಾಗಶಃ ನಷ್ಟವೆಂದು ಮಾಲಕನ ವಾದ. ಒಂಟಿ ಕೈಯಿಂದ ಬಡಗಿತನ ಸಾಗದು, ಆದುದರಿಂದ ನಷ್ಟವು ಪೂರ್ಣವೆಂದು ಆಯುಕ್ತರು ತೀರ್ಮಾನಿಸಿದರು. ಸುಪ್ರೀಂ ಕೋರ್ಟು 1975ರಲ್ಲಿ ಅದನ್ನು ಎತ್ತಿಹಿಡಿಯಿತು. ಪರಿಹಾರದ ಬಾಕಿ ಆರಂಭವಾಗುವುದು ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದಲೇ ಎಂದೂ ಹೇಳಿತು. ಇದಕ್ಕೆ ಪ್ರತಿಯಾಗಿ, ಸೌರಾಷ್ಟ್ರದ ಉಪ್ಪಿನ ಗದ್ದೆಯಿಂದ ಮನೆಗೆ ಮರಳುತ್ತಿದ್ದ ಕೂಲಿಕಾರರು ದೋಣಿ ಮಗುಚಿ ಮುಳುಗಿದ ಪ್ರಕರಣದಲ್ಲಿ, ಆ ದೋಣಿ ಎಲ್ಲರೂ ಬಳಸುವ ದೋಣಿಯಾದ ಕಾರಣ ಅದು ಕೆಲಸದ ಅವಧಿಯಲ್ಲವೆಂದು ಅದೇ ನ್ಯಾಯಾಲಯವು 1958ರಲ್ಲಿ ಹೇಳಿತ್ತು. ಮನೆಗೂ ಕೆಲಸಕ್ಕೂ ನಡುವಣ ದಾರಿ ಯಾರದು ಎಂಬ ಆ ಪ್ರಶ್ನೆಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಬೇರೆ ಉತ್ತರ ಕೊಟ್ಟಿದೆ. 1923ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಈ ಸಂಹಿತೆಯಂತೆ, ಕೆಲಸಕ್ಕೆ ಹೋಗುವಾಗ ಬರುವಾಗ ಆದ ಅಪಘಾತವೂ, ಅದರ ಹೊತ್ತು ಮತ್ತು ಸ್ಥಳಗಳು ಕೆಲಸಕ್ಕೆ ಸಂಬಂಧಿಸಿದ್ದರೆ, ಕೆಲಸದ ಅಪಘಾತವೇ.

ಮತ್ತೆ ನಮ್ಮ ಊರಿಗೆ ಬರೋಣ. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಾದರ ಮತ್ತು ಟಾವೆಲ್ಲುಗಳನ್ನು ನೇಯುವ ಮಗ್ಗಗಳು ಚಿಕ್ಕ ಚಿಕ್ಕ ಕಾರಖಾನೆಗಳಿಗೆ ಹಂಚಿಹೋದವು. ಗಿರಣಿಯಲ್ಲಾದರೆ ಯೂನಿಯನ್ ಇತ್ತು, ಹಾಜರಿ ಪುಸ್ತಕವಿತ್ತು, ದವಾಖಾನೆಯಿತ್ತು. ಆರು ಜನರ ಕಾರಖಾನೆಯಲ್ಲಿ ಮಾಲಕನೂ ಕೆಲಸಗಾರನೂ ಒಂದೇ ಓಣಿಯವರು. ತಕರಾರು ಎಂದರೆ ಸಂಕೋಚ, ಕೆಲಸ ಹೋದೀತೆಂಬ ಅಂಜಿಕೆ. ಕಾಯ್ದೆಯಾದರೋ ಕಾರಖಾನೆ ಚಿಕ್ಕದೆಂದು ಹಕ್ಕನ್ನು ಕುಗ್ಗಿಸುವುದಿಲ್ಲ. ಆ ಬಾಲಕಿಯ ತಂದೆಗೆ ಆಗ ನಲವತ್ತು ವರ್ಷ. ಹತ್ತು ಸಾವಿರದ ನೂರಕ್ಕೆ ಅರವತ್ತು ಎಂದರೆ ಆರು ಸಾವಿರ. ನಲವತ್ತು ವಯಸ್ಸಿನ ಗುಣಕ 184.17, ಗುಣಿಸಿದರೆ 11,05,020. ಒಂದು ಕೈಯ ಎರಡು ಬೆರಳಿಗೆ ಕೋಷ್ಟಕದಲ್ಲಿ ನೂರಕ್ಕೆ 20. ಆದುದರಿಂದ ಸಲ್ಲಬೇಕಾದುದು 2,21,004 ರೂಪಾಯಿ, ಚಿಕಿತ್ಸೆಯ ವೆಚ್ಚ ಬೇರೆ. ಸಂದದ್ದು ಹದಿನೈದು ಸಾವಿರ.

ಲೆಕ್ಕವನ್ನು ಬರೆದುಕೊಂಡು ನಾವು ಅವರ ಮನೆಗೆ ಹೋದಾಗ ಎರಡು ವರ್ಷ ದಾಟಿತ್ತು. ಅರ್ಜಿ ಸಲ್ಲಿಸಲು ಕಾಯ್ದೆ ಕೊಟ್ಟ ಅವಧಿಯೂ ಎರಡೇ ವರ್ಷ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೆ ಉಂಟು. ಕಾಗದವು ತಮಗೆ ಬಾರದ ಲಿಪಿಯಲ್ಲಿತ್ತು, ಓದಿ ಹೇಳಿದವರು ತಪ್ಪು ತಿಳಿಸಿದರು ಎಂಬ ಕಾರಣವನ್ನೇ ಅರ್ಜಿಯಲ್ಲಿ ಬರೆಯಲಾಯಿತು. ಆ ವಾಕ್ಯವನ್ನು ಬರೆದವರು ನಾವೇ. ಕೆಳಗೆ ನಮ್ಮ ಸಹಿಯನ್ನೂ ಹಾಕಿದೆವು. ಅರ್ಜಿಯ ಫಲ ಇನ್ನೂ ಬಂದಿಲ್ಲ.

ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಗಡಿಯೂರಿನಲ್ಲಿ ಕನ್ನಡ ಶಾಲೆಯ ಶಿಕ್ಷಕನೇ ಅನೇಕ ಮನೆಗಳಿಗೆ ಓದುಗನೂ ಬರಹಗಾರನೂ ಆಗಿರುತ್ತಾನೆ. ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿಯನ್ನು ಕಲಿಸುವಂತೆ ಅಪಘಾತದ ಸೂಚನೆಯ ಪತ್ರವನ್ನೂ ಕಲಿಸೋಣ: ಗಾಯಗೊಂಡವನ ಹೆಸರು, ಊರು, ತಾರೀಖು, ಹೊತ್ತು, ಸ್ಥಳ, ಗಾಯವಾದ ಬಗೆ. ಅದರ ಒಂದು ಪ್ರತಿ ಮನೆಯಲ್ಲಿರಲಿ. ದವಾಖಾನೆಯ ಚೀಟಿಗಳನ್ನೂ ಪಗಾರದ ಯಾವುದೇ ಗುರುತನ್ನೂ ಕಾಪಾಡಬೇಕೆಂದು ಹೇಳೋಣ. ಗುತ್ತಿಗೆದಾರನ ಕೈಕೆಳಗೆ ದುಡಿದವನೂ ಮೂಲ ಮಾಲಕನನ್ನು ಕೇಳಬಹುದು ಎಂಬುದನ್ನು ತಿಳಿಸೋಣ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು, ಒತ್ತಿಯಾಗಿದ್ದರೂ ಧೈರ್ಯ ಕೆಡಬಾರದು.

ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ ಇದು. ಕಾಯಕವನ್ನು ಹಿರಿದೆಂದು ಕೊಂಡಾಡುವ ಪರಂಪರೆ ನಮ್ಮದು. ಕಾಯಕದಲ್ಲಿ ಕೆಟ್ಟ ಕೈಗೆ ಸಲ್ಲಬೇಕಾದುದನ್ನು ಲೆಕ್ಕ ಹಾಕಿ, ಅರ್ಜಿ ಬರೆದು, ಅವಧಿಯೊಳಗೆ ತಲುಪಿಸುವುದೂ ಕಾಯಕವೇ. 1884ರಲ್ಲಿ 5500 ಜನ ಸಹಿ ಹಾಕಿ ಕೇಳಿದ ಹಕ್ಕು ಅದು. ಇನ್ನೊಬ್ಬ ತಾಯಿ ಇನ್ನೊಂದು ಕಾಗದವನ್ನು ಹಿಡಿದು ನಮ್ಮ ಶಾಲೆಯ ಬಾಗಿಲಿಗೆ ಬಂದಾಗ ನಾವು ಹಿಂದಿನಂತೆ ಉತ್ತರ ಕೊಡಲಾರೆವು. ಇದನ್ನು ಓದಿದ ಮೇಲೆ ನಮ್ಮ ಬಂಧುಗಳೂ ಕೊಡಲಾರರೆಂದು ನಂಬಿದ್ದೇವೆ.